ಹೊಳಪಿನ ಹೆಸರಲ್ಲಿ ಸವೆಯುವ ದೋಣಿ

ಫೈಬರ್ ದೋಣಿಯ ಹೊರಮೈಯಲ್ಲಿ ಕಣ್ಣಿಗೆ ಬೀಳುವ ಬಣ್ಣದ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಕೆಲವು ವರ್ಷ ಬಿಸಿಲು, ಉಪ್ಪುಗಾಳಿ ತಿಂದ ಮೇಲೆ ಈ ಪದರ ಮಂಕಾಗುತ್ತದೆ, ಕೈಯಿಟ್ಟರೆ ಹುಡಿ ಹತ್ತುತ್ತದೆ. ಬೋಟಿನವರ ಮಾತಿನಲ್ಲಿ ಇದು ಆಕ್ಸಿಡೇಶನ್. ಇದಕ್ಕೆ ಎಲ್ಲೆಡೆ ಹೇಳುವ ಮದ್ದು ಒಂದೇ: ವರ್ಷಕ್ಕೊಮ್ಮೆ ರಬ್ಬಿಂಗ್ ಕಾಂಪೌಂಡ್ ಹಾಕಿ, ಮಷಿನ್ ಹಿಡಿದು ಉಜ್ಜಿ, ಮುಖ ಕಾಣುವಷ್ಟು ಹೊಳೆಯಿಸಿ, ಮೇಲೆ ವ್ಯಾಕ್ಸ್ ಬಳಿಯುವುದು. ಅಮೆರಿಕ, ಯುರೋಪಿನ ಬೋಟ್‌ಯಾರ್ಡುಗಳಲ್ಲಿ ಇದು ವರ್ಷಾವಧಿ ಹಬ್ಬದಷ್ಟು ಖಾಯಂ ಆಗಿದೆ. ಹೊಳೆಯುವ ದೋಣಿ ಚೆನ್ನಾಗಿ ನೋಡಿಕೊಂಡ ದೋಣಿ, ಮಂಕಾದದ್ದು ಕಡೆಗಣಿಸಿದ ದೋಣಿ ಎಂಬ ತೀರ್ಮಾನ ಅದರ ಬೆನ್ನಿಗಿದೆ. ಈ ತೀರ್ಮಾನ ತಪ್ಪು. ಅದರಿಂದ ಹುಟ್ಟಿದ ಪದ್ಧತಿ ಇನ್ನೂ ತಪ್ಪು. ಉಜ್ಜುವಾಗ ಹೋಗುವುದು ದೋಣಿಯ ಮೈಯೇ. ವರ್ಷವರ್ಷವೂ ಹೊಳಪು ತರಿಸುವವರು ವರ್ಷವರ್ಷವೂ ಜೆಲ್‌ಕೋಟನ್ನು ಒಂದಿಷ್ಟು ಖರ್ಚು ಮಾಡುತ್ತಿರುತ್ತಾರೆ, ಮತ್ತು ಆ ಖರ್ಚಿನ ಲೆಕ್ಕ ಯಾರೂ ಇಡುವುದಿಲ್ಲ.

ಪೇಂಟನ್ನು ತಯಾರಾದ ವಸ್ತುವಿನ ಮೇಲೆ ಬಳಿಯುತ್ತಾರೆ. ಜೆಲ್‌ಕೋಟ್ ದೋಣಿಗಿಂತ ಮೊದಲೇ ಹುಟ್ಟುತ್ತದೆ. ದೋಣಿ ರೂಪುಗೊಳ್ಳುವುದು ಅಚ್ಚಿನೊಳಗೆ. ಅಚ್ಚಿನ ಒಳಮೈಯನ್ನು ಆದಷ್ಟು ನುಣುಪು ಮಾಡಿ, ಅಂಟಿಕೊಳ್ಳದಿರಲೆಂದು ಮೇಣ ತಿಕ್ಕಿ, ಬಣ್ಣ ಕಲಸಿದ ಪಾಲಿಯೆಸ್ಟರ್ ರಾಳವನ್ನು ಸ್ಪ್ರೇಗನ್ನಿನಲ್ಲೋ ಬ್ರಷ್ಷಿನಲ್ಲೋ ಹಾಕುತ್ತಾರೆ. ರಾಳದೊಳಗೆ ಕೋಬಾಲ್ಟ್ ಇರುತ್ತದೆ. ಹಾರ್ಡನರ್ ಆಗಿ ಪೆರಾಕ್ಸೈಡನ್ನು ಶೇಕಡ 1ರಿಂದ 2ರಷ್ಟು ಸೇರಿಸಿದೊಡನೆ ಅದು ಗಟ್ಟಿಯಾಗತೊಡಗುತ್ತದೆ. ಆಮೇಲೆ ಅದರ ಬೆನ್ನಿಗೆ ಗ್ಲಾಸ್ ಮ್ಯಾಟ್ ಹಾಸಿ, ರಾಳದಲ್ಲಿ ತೋಯಿಸಿ, ರೋಲರ್ ಎಳೆದು ಗಾಳಿ ಹೊರಡಿಸಿ, ಪದರದ ಮೇಲೆ ಪದರ ಏರಿಸಿ ದೋಣಿಯ ಒಡಲು ಕಟ್ಟುತ್ತಾರೆ. ಅಚ್ಚಿನಿಂದ ಬಿಡಿಸಿದ ಹೊಸ ದೋಣಿ ಥಳಥಳಿಸುತ್ತದೆ. ಆ ಹೊಳಪು ಅಚ್ಚಿನಿಂದ ಬಂದದ್ದು. ಆ ದೋಣಿಯನ್ನು ಅಲ್ಲಿಯವರೆಗೆ ಯಾರೂ ಉಜ್ಜಿರುವುದಿಲ್ಲ.

ಉಜ್ಜುವವರು ಮರೆಯುವ ಮೊದಲ ಸಂಗತಿ ಇದು. ಪಾಲಿಯೆಸ್ಟರ್ ರಾಳಕ್ಕೆ ಒಂದು ಗುಣವಿದೆ: ಗಾಳಿ ತಾಗಿದ ಮೈ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಅಚ್ಚಿಗೆ ಒತ್ತಿಕೊಂಡ ಮೈಗೆ ಗಾಳಿಯ ಸೋಂಕಿಲ್ಲ. ಅದು ಗಟ್ಟಿಯಾಗಿ, ರಾಳ ತುಂಬಿ, ಬಣ್ಣದ ಕಣಗಳನ್ನು ಒಳಗೆ ಅವುಚಿಕೊಂಡು ಕೂರುತ್ತದೆ. ಇಂಥ ಮೈ ಇನ್ನೊಮ್ಮೆ ಸಿಗುವುದಿಲ್ಲ. ರಿಪೇರಿ ಮಾಡುವವರು ಜೆಲ್‌ಕೋಟ್ ಬಳಿದು, ಗಾಳಿ ತಡೆಯಲೆಂದು ಅದಕ್ಕೆ ಕರಗಿದ ಪ್ಯಾರಾಫಿನ್ ಸೇರಿಸಿಯೋ ಮೇಲೊಂದು ಪಿವಿಎ ಪೊರೆ ಹಾಯಿಸಿಯೋ, ಗಟ್ಟಿಯಾದ ಮೇಲೆ ಎಲ್ಲವನ್ನೂ ಮತ್ತೆ ಉಜ್ಜಿ ಸಮ ಮಾಡಬೇಕು. ಹಾಗೆ ತಂದ ಹೊಳಪು ಅಚ್ಚಿನ ಹೊಳಪಿನಷ್ಟು ದಿನ ಬಾಳದು. ಒಂದೆರಡು ಅಡಿಯ ಗಾಯಕ್ಕೆ ಈ ಕೆಲಸ ಸರಿ. ಇಡೀ ದೋಣಿಗೆ ಹೊಸ ಜೆಲ್‌ಕೋಟ್ ಹೊಡೆಯುವುದು ಎಷ್ಟು ದುಬಾರಿ, ಎಷ್ಟು ಕಷ್ಟವೆಂದರೆ, ಆ ಮಟ್ಟಕ್ಕೆ ಬಂದ ದೋಣಿಗಳಿಗೆ ಸಾಮಾನ್ಯವಾಗಿ ಪೇಂಟ್ ಹೊಡೆದು ಮುಗಿಸುತ್ತಾರೆ. ಜೆಲ್‌ಕೋಟ್ ಒಂದೇ ಸಲ ಕೈಗೆ ಸಿಕ್ಕುವ ಗಂಟು.

ಇನ್ನು ಹುಡಿಯ ವಿಚಾರ. ಭೂಮಿಯನ್ನು ಮುಟ್ಟುವ ಬಿಸಿಲಿನಲ್ಲಿ ಸುಮಾರು 290ರಿಂದ 400 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣಗಳಿರುತ್ತವೆ. ಪಾಲಿಯೆಸ್ಟರ್ ಮತ್ತು ಸ್ಟೈರೀನ್ ಅಣುಗಳಲ್ಲಿರುವ ಬೆಂಜೀನ್ ಉಂಗುರಗಳು ಈ ಕಿರಣಗಳ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಗಾಳಿಯ ಆಮ್ಲಜನಕ ಜೊತೆ ಸೇರಿ ಅಣುಸರಪಳಿಗಳು ತುಂಡಾಗುತ್ತವೆ. ತೇವ ಎಸ್ಟರ್ ಬಂಧಗಳನ್ನು ಇನ್ನೊಂದು ಕಡೆಯಿಂದ ಬಿಡಿಸುತ್ತದೆ. ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಕೂಡ ಬೆಳಕಿನಲ್ಲಿ ಸುಮ್ಮನಿರುವ ವಸ್ತುವಲ್ಲ. ಅದನ್ನು ರೂಟೈಲ್ ರೂಪದಲ್ಲಿ, ಕಣಗಳಿಗೆ ಅಲ್ಯುಮಿನಾ, ಸಿಲಿಕಾದ ಹೊದಿಕೆ ಕೊಟ್ಟು ಬಳಸುವುದು ಅದಕ್ಕೇ. ಕೊನೆಗೆ ಮೇಲ್ಪದರದ ರಾಳ ಸವೆದು, ಅದು ಹಿಡಿದಿಟ್ಟಿದ್ದ ಬಣ್ಣದ ಕಣಗಳು ಸಡಿಲಾಗಿ ಹೊರಗೆ ನಿಲ್ಲುತ್ತವೆ. ಹಳೆಯ ಸುಣ್ಣದ ಗೋಡೆಗೆ ಒರಗಿದರೆ ಅಂಗಿ ಬೆಳ್ಳಗಾಗುವಂತೆ, ದೋಣಿಯನ್ನು ಸವರಿದ ಅಂಗೈ ಬೆಳ್ಳಗಾಗುತ್ತದೆ.

ಈ ಮಂಕಿನ ಸ್ವರೂಪ ತಿಳಿಯಲು ಒಂದು ಚೊಂಬು ನೀರು ಸಾಕು. ಬಿಸಿಲಿಗೆ ಬಿಳಿಚಿಕೊಂಡ ನೀಲಿ ದೋಣಿಯೊಂದರ ಬದಿಗೆ ನೀರು ಸುರಿದರೆ, ನೀರು ಹರಿದ ದಾರಿಯಲ್ಲೆಲ್ಲ ಗಾಢ ನೀಲಿ ಮರಳಿ ಬರುತ್ತದೆ. ಅಂಚಿನಿಂದ ಒಣಗುತ್ತ ಬಂದಂತೆ ಬಿಳುಪು ಮತ್ತೆ ಆವರಿಸುತ್ತದೆ. ಹುಡಿಯ ನಡುವಿನ ಸಂದುಗಳಲ್ಲಿ ಗಾಳಿಯಿದ್ದಾಗ ಬೆಳಕು ಎಲ್ಲ ದಿಕ್ಕಿಗೂ ಚದುರಿ ಮೈ ಬಿಳಿಯಾಗಿ ಕಾಣುತ್ತದೆ. ಗಾಳಿಯ ವಕ್ರೀಭವನಾಂಕ 1, ನೀರಿನದು 1.33, ರಾಳದ್ದು 1.55ರ ಹತ್ತಿರ. ಸಂದುಗಳಲ್ಲಿ ನೀರು ತುಂಬಿದರೆ ವ್ಯತ್ಯಾಸ ಕಡಿಮೆಯಾಗಿ ಬೆಳಕು ಅಷ್ಟು ಚದುರದೆ ಒಳಗಿನ ಬಣ್ಣದ ತನಕ ಹೋಗಿ ಬರುತ್ತದೆ. ಅಂದರೆ ಬಣ್ಣ ಇದ್ದಲ್ಲೇ ಇದೆ; ಕೆಟ್ಟಿರುವುದು ಮೇಲಿನ ಒಂದು ತೆಳುಪೊರೆ. ಕೆಲವು ಕೆಂಪು, ಹಳದಿ ಬಣ್ಣಗಳಲ್ಲಿ ವರ್ಣದ್ರವ್ಯವೇ ಬಿಸಿಲಿಗೆ ಸಾಯುವುದುಂಟು. ಅದು ಬೇರೆ ಕಾಯಿಲೆ. ನೀರು ಸುರಿದರೂ ಬಣ್ಣ ಮರಳುವುದಿಲ್ಲ ಎಂಬುದೇ ಅದರ ಗುರುತು.

ಪ್ರಚಲಿತ ನಂಬಿಕೆಯ ಮೊದಲ ಆಧಾರ ಕುಸಿಯುವುದು ಇಲ್ಲೇ. ಆಕ್ಸಿಡೇಶನ್ ಎಂಬ ಹೆಸರು ಕೇಳಿದ ಕೂಡಲೇ ಜನರಿಗೆ ಕಬ್ಬಿಣದ ತುಕ್ಕು ನೆನಪಾಗುತ್ತದೆ: ಉಜ್ಜಿ ತೆಗೆಯದಿದ್ದರೆ ಒಳಗೊಳಗೇ ತಿಂದುಹಾಕುತ್ತದೆ ಎಂಬ ಭಯ. ತುಕ್ಕು ಹಾಗೆ ಮಾಡುವುದು ನಿಜ. ಅದು ಉಬ್ಬಿ, ಬಿರಿದು, ಚಕ್ಕೆಯೆದ್ದು ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತ ಹೋಗುತ್ತದೆ. ಜೆಲ್‌ಕೋಟಿನ ಹಾಳು ಬೆಳಕು ಹೋದಷ್ಟೇ ಆಳಕ್ಕೆ ಹೋಗಬಲ್ಲದು, ಬೆಳಕನ್ನು ಬಣ್ಣದ ಕಣಗಳು ಮೇಲೆಯೇ ತಡೆದುಬಿಡುತ್ತವೆ. ಹುಡಿಯ ಪದರ ಕೆಳಗಿನ ಮೈಗೆ ಒಂದು ಮಟ್ಟಿಗೆ ನೆರಳೂ ಹೌದು. ಅದನ್ನು ಪ್ರತಿ ವರ್ಷ ಪೂರ್ತಿ ಕೆರೆದು ಹಾಕುವುದೆಂದರೆ ಪ್ರತಿ ವರ್ಷ ಹೊಸ ರಾಳವನ್ನು ಬಿಸಿಲಿಗೆ ಬಡಿಸುವುದು. ಹಾಗೆಂದು ಹುಡಿ ಒಳ್ಳೆಯದೆಂದು ಪ್ರತಿಷ್ಠಾಪಿಸಬೇಕಾಗಿಲ್ಲ. ಅದು ಉಪ್ಪು, ಎಣ್ಣೆ, ಮಸಿ, ತೇವಗಳನ್ನು ಹಿಡಿದಿಡುತ್ತದೆ, ಕಲೆ ಬೇಗ ಕೂರುತ್ತದೆ, ತೊಳೆಯುವುದು ಕಷ್ಟವಾಗುತ್ತದೆ. ದೋಣಿಯನ್ನು ಹಾಗೇ ಬಿಟ್ಟುಬಿಡಬೇಕೆಂಬುದು ಇಲ್ಲಿನ ವಾದವಲ್ಲ. ತೊಳೆಯುವುದಕ್ಕೂ ಕೆರೆಯುವುದಕ್ಕೂ ಇರುವ ಅಂತರವನ್ನು ಬೋಟ್‌ಯಾರ್ಡಿನವರು ಅಳಿಸಿಹಾಕಿದ್ದಾರೆ ಎಂಬುದಷ್ಟೇ.

ದೋಣಿಯ ಬಲಕ್ಕೂ ಜೆಲ್‌ಕೋಟಿನ ಹೊಳಪಿಗೂ ಸಂಬಂಧವೇ ಇಲ್ಲ. ಭಾರ ಹೊರುವುದು ಗ್ಲಾಸ್ ನಾರು ಮತ್ತು ಅದನ್ನು ಬಿಗಿದಿರುವ ರಾಳ. ಓಹಾಯೋದ ಟೊಲೆಡೊದಲ್ಲಿ ರೇ ಗ್ರೀನ್ ಪಾಲಿಯೆಸ್ಟರ್ ಮತ್ತು ಗ್ಲಾಸ್ ನಾರಿನಿಂದ ಹಾಯಿದೋಣಿ ಮಾಡಿದ್ದು 1942ರಲ್ಲಿ. 1959ರ ನ್ಯೂಯಾರ್ಕ್ ಬೋಟ್ ಷೋನಲ್ಲಿ ಬಂದ ಪಿಯರ್ಸನ್ ಟ್ರೈಟನ್ ಎಂಬ 28 ಅಡಿಯ ಹಾಯಿದೋಣಿ ಏಳುನೂರಕ್ಕೂ ಹೆಚ್ಚು ತಯಾರಾಯಿತು, ಅವುಗಳಲ್ಲಿ ಎಷ್ಟೋ ಇಂದಿಗೂ ನೀರಿನಲ್ಲಿವೆ. ಮೊದಲ ಹೊಳಪು ಹೋಗಿ ದಶಕಗಳಾದವು; ಒಡಲು ಗಟ್ಟಿಯಾಗಿಯೇ ಇದೆ. ಹಳೆಯ ದೋಣಿ ಕೊಳ್ಳುವಾಗ ತಪಾಸಣೆಗೆ ಬರುವ ಸರ್ವೇಯರ್ ಚಿಕ್ಕ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾನೆ, ತೇವಮಾಪಕ ಇಟ್ಟು ನೋಡುತ್ತಾನೆ. ಬದಿಯಲ್ಲಿ ತನ್ನ ಮುಖ ಕಾಣುತ್ತದೆಯೇ ಎಂದು ನೋಡುವುದಿಲ್ಲ. ನೀರಿನ ಮಟ್ಟದ ಕೆಳಗೆ ಬರುವ ಗುಳ್ಳೆಗಳು ಗಂಭೀರವಾದ ತೊಂದರೆಯೇ, ಆದರೆ ಅವು ರಾಳದೊಳಕ್ಕೆ ನೀರು ಇಳಿಯುವುದರಿಂದ ಬರುವಂಥವು. ಮೇಲಿನ ಬದಿಗೆ ಎಷ್ಟು ಪಾಲಿಶ್ ಹೊಡೆದರೂ ಅದಕ್ಕೆ ಪರಿಹಾರವಿಲ್ಲ.

ಉಜ್ಜಿದಾಗ ಎಷ್ಟು ಹೋಗುತ್ತದೆ? ಸೂಕ್ಷ್ಮ ಕೆಲಸಕ್ಕೆ ಬಳಸುವ ವಾಟರ್ ಪೇಪರಿನಲ್ಲಿ ಪಿ600 ನಂಬರಿನ ಕಣದ ಗಾತ್ರ ಸುಮಾರು 26 ಮೈಕ್ರಾನ್, ಪಿ1000ದ್ದು 18, ಪಿ2000ದ್ದು 10. ಕಣ ತನ್ನ ಪೂರ್ತಿ ಗಾತ್ರದಷ್ಟು ಆಳಕ್ಕೆ ಇಳಿಯುವುದಿಲ್ಲ, ಆದರೆ ಗೀರು ಬಿಟ್ಟೇ ಬಿಡುತ್ತದೆ. ಒಂದು ಗೀರನ್ನು ಅಳಿಸುವುದೆಂದರೆ ಆ ಗೀರಿನ ತಳದ ತನಕ ಸುತ್ತಲಿನ ಮೈಯನ್ನೆಲ್ಲ ಇಳಿಸುವುದು. 600ರ ಗೀರು ತೆಗೆಯಲು 1000, ಅದರ ಗೀರು ತೆಗೆಯಲು 1500, ಅದಕ್ಕೆ 2000, ಆಮೇಲೆ ಉಣ್ಣೆಯ ಪ್ಯಾಡಿನಲ್ಲಿ ದಪ್ಪ ಕಾಂಪೌಂಡ್, ಸ್ಪಂಜಿನ ಪ್ಯಾಡಿನಲ್ಲಿ ನಯವಾದ ಪಾಲಿಶ್. ಹುಡಿ ಇದ್ದದ್ದು ಬಹುಶಃ ಮೊದಲ ಕೆಲವು ಮೈಕ್ರಾನುಗಳಲ್ಲಿ. ಅದರ ನಂತರ ಕೆರೆದದ್ದೆಲ್ಲ, ಒರಟು ಪೇಪರಿನಿಂದ ಶುರು ಮಾಡಿದ ತಪ್ಪಿಗೆ ತೆತ್ತ ದಂಡ. ಹೆಚ್ಚು ಮಂಕಾಗಿದ್ದರೆ ಹೆಚ್ಚು ಒರಟಾದ್ದು ಎಂಬ ಸೂತ್ರವನ್ನು ನಂಬಿ ಉಜ್ಜುವವರು ಈ ದಂಡವನ್ನೇ ಕೆಲಸವೆಂದುಕೊಂಡಿರುತ್ತಾರೆ.

ಅರ್ಧ ಮಿಲಿಮೀಟರ್ ಅಂದರೆ 500 ಮೈಕ್ರಾನ್, ಕಾರಿನ ಮೇಲಿನ ಕ್ಲಿಯರ್‌ಕೋಟಿಗಿಂತ ಸುಮಾರು ಹತ್ತು ಪಟ್ಟು. ಹಾಗಿದ್ದ ಮೇಲೆ ಹೆದರುವುದೇಕೆ ಎಂಬುದು ಉಜ್ಜುವ ಪಕ್ಷದ ಮುಖ್ಯ ವಾದ. ಲೆಕ್ಕ ಸುಲಭ: ಒಂದು ಸಲದ ಪೂರ್ತಿ ಉಜ್ಜಾಟಕ್ಕೆ 30 ಮೈಕ್ರಾನ್ ಹೋಗುತ್ತದೆ ಎಂದಿಟ್ಟುಕೊಂಡರೂ ಹದಿನಾರು ಸಲಕ್ಕೆ ಸಾಕು. ಈ ಲೆಕ್ಕದಲ್ಲಿ ಮೂರು ಓಟೆಗಳಿವೆ. ಒಂದು, 500 ಎಂಬುದು ಸರಾಸರಿ ಮಾತ್ರ. ಬ್ರಷ್ಷಿನಲ್ಲಿ ಬಳಿದ ಕಡೆ, ಸ್ಪ್ರೇ ಸರಿಯಾಗಿ ತಲುಪದ ಮೂಲೆಯಲ್ಲಿ ಅದು ಎಷ್ಟೋ ಕಡಿಮೆಯಿರಬಹುದು. ಮಷಿನ್ ಹೆಚ್ಚು ಕಚ್ಚುವುದಂತೂ ಉಬ್ಬಿದ ಅಂಚುಗಳನ್ನೇ. ಎರಡು, ಪೂರ್ತಿ ಸವೆಯುವ ತನಕ ಕಾಯಬೇಕಾಗಿಲ್ಲ. ಪದರ ತೆಳುವಾದಂತೆ ಹಿಂದಿನ ಗ್ಲಾಸಿನ ಹಸಿರು, ಜೇನುಬಣ್ಣದ ಛಾಯೆ ಹಾಯತೊಡಗುತ್ತದೆ. ಬಿಳಿ ದೋಣಿಯ ಮೈಯಲ್ಲಿ ಮಾಸಿದ ಪಟ್ಟೆಯೊಂದು ಮೂಡುತ್ತದೆ, ಉಜ್ಜಿದಷ್ಟೂ ಅಗಲವಾಗುತ್ತದೆ. ಕೆಲಸಗಾರ ಅದನ್ನು ಕಲೆಯೆಂದು ಭಾವಿಸಿ ಇನ್ನಷ್ಟು ಒತ್ತಿ ಹಿಡಿಯುವುದೂ ಉಂಟು. ಮೂರನೆಯದು, ಜೆಲ್‌ಕೋಟಿನ ಒಳಗೆ ಗಟ್ಟಿಯಾಗುವಾಗ ಸಿಕ್ಕಿಬಿದ್ದ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ಮೇಲ್ಮೈ ಇಳಿದಂತೆ ಅವು ಬಾಯಿ ತೆರೆದು ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ಪಾಲಿಶಿನ ಬಿಳಿ ಪೇಸ್ಟ್ ಅಲ್ಲಿ ಒಣಗಿ ಕೂರುತ್ತದೆ, ಆಮೇಲೆ ಅದರ ಜಾಗಕ್ಕೆ ಕೊಳೆ ಬಂದು ಕಪ್ಪು ಚುಕ್ಕೆಗಳಾಗುತ್ತವೆ. ಮುಂದಿನ ವರ್ಷ ಆ ಚುಕ್ಕೆ ತೆಗೆಯಲೆಂದು ಮತ್ತೆ ಉಜ್ಜುತ್ತಾರೆ.

ಕಾರಿನ ಹೋಲಿಕೆ ಇನ್ನೊಂದು ಕಾರಣಕ್ಕೂ ಕೆಲಸಕ್ಕೆ ಬಾರದು. ಕಾರಿನ ತಗಡಿನ ಮೇಲೆ ಪೇಂಟ್ ಎಷ್ಟು ಉಳಿದಿದೆಯೆಂದು ಕಾಂತೀಯ ಮಾಪಕವೊಂದು ಕ್ಷಣದಲ್ಲಿ ಹೇಳುತ್ತದೆ, ಏಕೆಂದರೆ ಕೆಳಗೆ ಲೋಹವಿದೆ. ಫೈಬರ್ ದೋಣಿಯ ಹಿಂದೆ ಲೋಹವಿಲ್ಲ. ಆ ಮಾಪಕ ಇಲ್ಲಿ ಮೂಕ. ಶ್ರವಣಾತೀತ ತರಂಗದ ಮಾಪಕಗಳಿವೆ, ಆದರೆ ಅವು ದುಬಾರಿ, ಅಲ್ಲದೆ ಜೆಲ್‌ಕೋಟ್ ಮುಗಿದು ರಾಳ ಶುರುವಾಗುವ ಗೆರೆಯನ್ನು ಓದಲು ಪಳಗಿದ ಕೈ ಬೇಕು. ಬಹುತೇಕ ಯಾರ್ಡುಗಳಲ್ಲಿ ಮಷಿನ್ ಹಿಡಿದವನು ಎಷ್ಟು ಉಳಿದಿದೆಯೆಂದು ತಿಳಿಯದೆಯೇ ಕೆರೆಯುತ್ತಿರುತ್ತಾನೆ. ದೋಣಿ ಕೈ ಬದಲಾಯಿಸಿದಾಗ ಹಿಂದಿನವರು ಎಷ್ಟು ಸಲ ಕೆರೆಸಿದ್ದರು ಎಂಬ ದಾಖಲೆಯೂ ಬರುವುದಿಲ್ಲ.

ಹೀಗಿದ್ದೂ ಪದ್ಧತಿ ನಿಂತಿರುವುದಕ್ಕೆ ಕಾರಣಗಳಿವೆ. ಉತ್ತರ ಅಮೆರಿಕ ಮತ್ತು ಉತ್ತರ ಯುರೋಪಿನಲ್ಲಿ ಚಳಿಗಾಲಕ್ಕೆ ಮುನ್ನ ದೋಣಿಗಳನ್ನು ನೀರಿನಿಂದ ಎತ್ತಿ, ಹೊದಿಕೆ ಹಾಕಿ, ವಸಂತದಲ್ಲಿ ಮತ್ತೆ ಇಳಿಸುತ್ತಾರೆ. ಇಳಿಸುವ ಮೊದಲು ಕೈಗೆ ಸಿಗುವ ಕೆಲವು ವಾರಗಳಲ್ಲಿ ಉಜ್ಜುವುದು ರೂಢಿಯಾಯಿತು. ವರ್ಷಕ್ಕೊಮ್ಮೆ ಎಂಬ ನಿಯಮ ಬಂದದ್ದು ಈ ಕ್ಯಾಲೆಂಡರಿನಿಂದ. ಜೆಲ್‌ಕೋಟನ್ನು ಪರೀಕ್ಷಿಸಿ ಯಾರೂ ಆ ಅವಧಿಯನ್ನು ಗೊತ್ತು ಮಾಡಲಿಲ್ಲ. ಯಾರ್ಡಿನವರು ಅಡಿಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ, ಹೊಳಪು ಅಂದೇ ಕಣ್ಣಿಗೆ ಕಾಣುತ್ತದೆ, ಹಣ ಕೊಟ್ಟವರಿಗೆ ತೃಪ್ತಿಯಾಗುತ್ತದೆ. ಕಳೆದುಹೋದ 20 ಮೈಕ್ರಾನ್ ಬಿಲ್ಲಿನಲ್ಲಿ ಬರುವುದಿಲ್ಲ. ಮಾರುವಾಗ ಹೊಳಪು ಬೆಲೆ ತರುತ್ತದೆ ಎಂಬುದು ಸುಳ್ಳಲ್ಲ. ಮಾರುವ ವರ್ಷ ಒಮ್ಮೆ ಉಜ್ಜಿಸಿದರೆ ಅದೊಂದು ವ್ಯಾಪಾರದ ಲೆಕ್ಕ. ಹತ್ತು ವರ್ಷ ಇಟ್ಟುಕೊಳ್ಳುವ ದೋಣಿಯನ್ನು ಹತ್ತು ಸಲ ಮಾರಾಟಕ್ಕೆ ಅಣಿಗೊಳಿಸುವುದು ಯಾವ ಲೆಕ್ಕಕ್ಕೂ ಹೊಂದದು.

ಡಬ್ಬಿಗಳಲ್ಲಿ ಬರುವ ಸಾಮಗ್ರಿಗಳು ಈ ನಂಬಿಕೆಗೆ ಇನ್ನಷ್ಟು ಬಣ್ಣ ಕಟ್ಟಿವೆ. ಪಾಲಿಶ್ ಮತ್ತು ವ್ಯಾಕ್ಸ್ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಮಾರುವ ಅನೇಕ ಸರಕುಗಳಲ್ಲಿ ಎಣ್ಣೆ ಅಥವಾ ಸಿಲಿಕೋನ್ ಇರುತ್ತದೆ. ಚೊಂಬಿನ ನೀರು ಮಾಡಿದ ಕೆಲಸವನ್ನೇ ಅವು ಮಾಡುತ್ತವೆ: ಸಂದುಗಳನ್ನು ತುಂಬಿ ಬೆಳಕು ಚದುರದಂತೆ ಮಾಡುತ್ತವೆ. ನೀರು ಅರ್ಧ ಗಂಟೆಗೆ ಆರುತ್ತದೆ, ಎಣ್ಣೆ ಕೆಲವು ವಾರ ನಿಲ್ಲುತ್ತದೆ, ವ್ಯತ್ಯಾಸ ಇಷ್ಟೇ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿದರೆ ನಿಜವಾದ ಮೈ ಹೊರಬೀಳುತ್ತದೆ. ಸಿಲಿಕೋನಿಗೆ ಇನ್ನೊಂದು ಕೆಟ್ಟ ಬಾಲವಿದೆ: ಮುಂದೆ ಪೇಂಟ್ ಹೊಡೆಯುವ ದಿನ ಬಂದಾಗ, ಅದು ಉಳಿದ ಕಡೆಗಳಲ್ಲೆಲ್ಲ ಪೇಂಟ್ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ವ್ಯಾಕ್ಸಿನ ವಿಷಯದಲ್ಲಿ ತಪ್ಪು ಅಷ್ಟು ದೊಡ್ಡದಲ್ಲ. ಬ್ರೆಜಿಲ್ಲಿನ ಈಶಾನ್ಯ ರಾಜ್ಯಗಳ ತಾಳೆಯೊಂದರ ಎಲೆಯಿಂದ ಬರುವ ಕಾರ್ನೌಬಾ ಮೇಣ 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವಂಥದು, ಗಟ್ಟಿ, ನೀರನ್ನು ದೂಡುತ್ತದೆ. ಅದು ಬಿಸಿಲನ್ನು ಹೇಳಿಕೊಳ್ಳುವಷ್ಟು ತಡೆಯುವುದಿಲ್ಲ. ಅದರ ಲಾಭ ಬೇರೆ: ಸಂದುಗಳನ್ನು ಮುಚ್ಚಿ, ಉಪ್ಪು ಕೊಳೆ ಹತ್ತದಂತೆ ಮಾಡಿ, ದೋಣಿ ಬರೀ ಸೋಪುನೀರಿಗೆ ಸ್ವಚ್ಛವಾಗುವಂತೆ ನೋಡಿಕೊಳ್ಳುತ್ತದೆ. ಸವೆದರೆ ಮೇಣ ಸವೆಯುತ್ತದೆ, ಜೆಲ್‌ಕೋಟ್ ಉಳಿಯುತ್ತದೆ. ಹಾಗಾಗಿ ವರ್ಷಕ್ಕೆ ಒಂದಲ್ಲ, ಎರಡು ಮೂರು ಸಲ ವ್ಯಾಕ್ಸ್ ಹಾಕಿದರೂ ನಷ್ಟವಿಲ್ಲ. ಜಾರದಿರಲೆಂದು ಉಬ್ಬುತಗ್ಗು ಬಿಟ್ಟಿರುವ ಡೆಕ್ಕಿನ ಮೇಲೆ ಮಾತ್ರ ಹಾಕಬಾರದು; ಕಾಲು ಜಾರಿ ಬೀಳುವ ಅಪಾಯ ಮಂಕುತನಕ್ಕಿಂತ ದೊಡ್ಡದು.

ಸೆರಾಮಿಕ್ ಕೋಟಿಂಗ್ ಈಗಿನ ಹೊಸ ಮೋಹ. ಅದು ಬಲು ತೆಳುವಾದ, ಗಟ್ಟಿಯಾದ, ನೀರು ನಿಲ್ಲದ ಪೊರೆ. ಸರಕು ಕೆಟ್ಟದ್ದಲ್ಲ, ಅದಕ್ಕೆ ಹಾಕುವ ಷರತ್ತು ಕೆಟ್ಟದ್ದು: ಹಚ್ಚುವ ಮೊದಲು ಮೈಯನ್ನು ಪೂರ್ತಿ ಹೊಳಪಿಗೆ ತರಬೇಕು, ಅಂದರೆ ವಾಟರ್ ಪೇಪರಿನಿಂದ ಹಿಡಿದು ಎಲ್ಲ ಹಂತವೂ ಆಗಬೇಕು. ಕಾಪಾಡುವ ಪೊರೆಯನ್ನು ಕೂರಿಸುವ ನೆಪದಲ್ಲಿ, ಕಾಪಾಡಬೇಕಾದ್ದನ್ನೇ ಮೊದಲು ಇಳಿಸುತ್ತಾರೆ. ಇದಕ್ಕೆ ಎದುರಾಗಿ ನೀರಿನಂತೆ ತೆಳುವಾಗಿ ಬರುವ ಅಕ್ರಿಲಿಕ್ ಲೇಪಗಳಿವೆ, ನೆಲಕ್ಕೆ ಹಚ್ಚುವ ಪಾಲಿಶಿನ ದಾಯಾದಿಗಳು. ಹುಡಿ ತೊಳೆದ ಮೈಗೆ ಒಂದರ ಮೇಲೊಂದು ನಾಲ್ಕೈದು ಸಲ ಸವರಿದರೆ ಹೊಳಪು ಬರುತ್ತದೆ, ಕೆರೆಯುವುದೇನೂ ಇಲ್ಲ. ಪಾಲಿಶ್ ಕಸುಬಿನವರು ಇದನ್ನು ಮೋಸವೆಂದು ಹೀಯಾಳಿಸುತ್ತಾರೆ. ಅದು ಹಳದಿಯಾಗುವುದು, ಅಲ್ಲಲ್ಲಿ ಏಳುವುದು, ಆಗ ದ್ರಾವಣ ಹಾಕಿ ತೆಗೆಯಬೇಕಾಗುವುದು ಎಲ್ಲವೂ ನಿಜ. ಆದರೂ ಅದು ಸೇರಿಸುವ ಕೆಲಸ. ತೆಗೆದರೆ ಕೆಳಗಿನ ಜೆಲ್‌ಕೋಟ್ ಇದ್ದಷ್ಟೇ ಇರುತ್ತದೆ. ಹಳೆಯ, ತೆಳುವಾದ ದೋಣಿಗೆ ಕಾಂಪೌಂಡಿಗಿಂತ ಈ ಮೋಸವೇ ವಾಸಿ.

ಕರಾವಳಿಯಲ್ಲಿ ದೋಣಿಯ ಆರೈಕೆ ಎಂದರೆ ಸೇರಿಸುವುದೆಂದೇ ಹಿಂದಿನಿಂದ ಅರ್ಥವಿತ್ತು. ಮರದ ದೋಣಿಗಳಿಗೆ ಬೂತಾಯಿ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಉಣಿಸುತ್ತಿದ್ದರು. ದಡಕ್ಕೆಳೆದ ದೋಣಿಗೆ ತೆಂಗಿನ ಮಡಲಿನ ಮಾಡು ಕಟ್ಟುತ್ತಿದ್ದರು. ಮಲ್ಪೆ, ಗಂಗೊಳ್ಳಿ, ಮಂಗಳೂರುಗಳಲ್ಲಿ ಈಗ ನಾಡದೋಣಿಯೆಂದರೆ ಹೆಚ್ಚಾಗಿ ಫೈಬರ್ ದೋಣಿಯೇ. ಸುಮಾರು 13 ಡಿಗ್ರಿ ಅಕ್ಷಾಂಶದ ಈ ದಡದಲ್ಲಿ ಸೂರ್ಯ ವರ್ಷಕ್ಕೆರಡು ಬಾರಿ ನೆತ್ತಿಗೆ ಬರುತ್ತಾನೆ, ಹೊದಿಕೆಯಡಿ ಕಳೆಯುವ ಆರು ತಿಂಗಳ ಚಳಿಗಾಲ ಇಲ್ಲಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ರಜೆ, ನಾಡದೋಣಿಗಳಿಗೆ ಆಗಲೂ ಕೆಲಸ. ಉತ್ತರದ ದೇಶಗಳ ಕೈಪಿಡಿಯಲ್ಲಿರುವ ವರ್ಷದ ಲೆಕ್ಕವನ್ನು ಇಲ್ಲಿಗೆ ತಂದು, ಮಂಕಾದಾಗಲೆಲ್ಲ ಉಜ್ಜುತ್ತ ಹೋದರೆ ದೋಣಿಯ ಅರ್ಧ ಆಯುಷ್ಯಕ್ಕೇ ಜೆಲ್‌ಕೋಟ್ ಮುಗಿದೀತು. ಮೀನುಗಾರರು ಉಜ್ಜುವ ಗೋಜಿಗೆ ಹೋಗುವುದಿಲ್ಲ, ಅದು ಅವರ ವಿವೇಕ. ಹೊಳಪು ವ್ಯಾಪಾರದ ಭಾಗವಾಗಿರುವ ಪ್ರವಾಸಿ ಬೋಟುಗಳೇ ಈ ಬಲೆಗೆ ಸುಲಭವಾಗಿ ಬೀಳುವಂಥವು. ಮೀನುಗಾರಿಕೆಯ ಕಡೆ ಇರುವ ತಪ್ಪು ಬೇರೆ ಬಗೆಯದು: ಹುಡಿಯನ್ನು ತೊಳೆಯದೆ ಅದರ ಮೇಲೆಯೇ ಎನಾಮೆಲ್ ಪೇಂಟ್ ಹೊಡೆಯುವುದು. ಪೇಂಟ್ ಹುಡಿಗೆ ಹತ್ತುತ್ತದೆ, ಹುಡಿ ದೋಣಿಗೆ ಹತ್ತಿರುವುದಿಲ್ಲ. ಒಂದು ಮಳೆಗಾಲ ದಾಟುವಷ್ಟರಲ್ಲಿ ಹೆಸರು, ದೇವರ ಚಿತ್ರ ಸಮೇತ ಚಕ್ಕೆ ಏಳುತ್ತದೆ.

ಮಾಡಬೇಕಾದ್ದು ಏನು ಎಂಬುದಕ್ಕೆ ಉತ್ತರ ಚಿಕ್ಕದು, ಆದರೆ ಕ್ರಮ ತಪ್ಪಬಾರದು. ಮೊದಲು ನೆರಳು. ಟಾರ್ಪಾಲಿನ್ ಆದರೂ ಸರಿ, ಮಡಲಿನ ಚಪ್ಪರವಾದರೂ ಸರಿ. ಬಿಸಿಲು ತಾಗದ ಜೆಲ್‌ಕೋಟಿಗೆ ಹುಡಿಯೇ ಬರುವುದಿಲ್ಲ ಎನ್ನಬಹುದು. ಬದಿಗಳಿಗಿಂತ ಆಕಾಶಕ್ಕೆ ಮುಖ ಮಾಡಿದ ಡೆಕ್ಕು, ಮೇಲಂಚುಗಳು ಬೇಗ ಹಾಳಾಗುವುದರಿಂದ ಹೊದಿಕೆ ಅಷ್ಟಕ್ಕೇ ಇದ್ದರೂ ಲಾಭವೇ. ಆಮೇಲೆ ಸಿಹಿನೀರಿನ ತೊಳೆತ, ಸೌಮ್ಯವಾದ ಸೋಪು, ಮೆತ್ತನೆ ಬ್ರಷ್. ಬ್ಲೀಚಿಂಗ್ ದ್ರಾವಣ, ಖಾರವಾದ ಸೋಪಿನ ಪುಡಿ ವ್ಯಾಕ್ಸನ್ನು ಎಬ್ಬಿಸಿ ಹಾಕುತ್ತವೆ. ನೀರಿನ ಗೆರೆಯುದ್ದಕ್ಕೂ ಬರುವ ಕಂದು ಕಲೆಗೆ, ತುಕ್ಕಿನ ಇಳಿಗೆರೆಗೆ ಆಕ್ಸಾಲಿಕ್ ಆಮ್ಲದ ದುರ್ಬಲ ದ್ರಾವಣ ಸಾಕು. ಕೈಗವಸು ಹಾಕಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆಯಬೇಕು. ಆಕ್ಸಿಡೇಶನ್ ಎಂದು ಉಜ್ಜಿಸಿಕೊಳ್ಳುವ ದೋಣಿಗಳಲ್ಲಿ ಎಷ್ಟಕ್ಕೋ ಇಷ್ಟೇ ಬೇಕಾಗಿರುತ್ತದೆ.

ಇಷ್ಟರ ನಂತರವೂ ಹುಡಿ ಹೋಗದಿದ್ದರೆ ಪರೀಕ್ಷೆಯ ಚೌಕ. ನೆರಳಿನಲ್ಲಿ, ಮೈ ತಣ್ಣಗಿರುವಾಗ, ಬದಿಯ ಎದ್ದು ಕಾಣದ ಜಾಗದಲ್ಲಿ ಗೇಣಗಲದ ಚೌಕಕ್ಕೆ ಟೇಪ್ ಅಂಟಿಸಬೇಕು. ಅತಿ ನಯವಾದ ಪಾಲಿಶನ್ನು ಕಪ್ಪು ಬಟ್ಟೆಯಲ್ಲಿ ತೆಗೆದುಕೊಂಡು ಕೈಯಲ್ಲೇ ತಿಕ್ಕಬೇಕು. ಬಟ್ಟೆಗೆ ಬಿಳಿ ಹತ್ತುತ್ತಿರುವ ತನಕ ಸಡಿಲ ಹುಡಿ ಬರುತ್ತಿದೆ. ಒರೆಸಿ, ಬಟ್ಟೆಯ ಹೊಸ ಮಗ್ಗುಲಿನಿಂದ ಮತ್ತೆ ತಿಕ್ಕಿದಾಗ ಬಿಳಿ ಕಡಿಮೆಯಾಗಿ, ಬೆರಳಿಗೆ ಮೈ ನುಣ್ಣಗೆ ಹತ್ತಿದರೆ ಕೆಲಸ ಅಲ್ಲಿಗೆ ಮುಗಿಯಿತು. ಇಡೀ ದೋಣಿಗೆ ಅದೇ ಪಾಲಿಶ್. ಆಗದಿದ್ದರೆ ಮಾತ್ರ ಪಕ್ಕದ ಚೌಕದಲ್ಲಿ ಒಂದು ದರ್ಜೆ ಒರಟಾದ್ದು. ವಾಟರ್ ಪೇಪರ್ ಕೊನೆಯದು, ಅದೂ 1500ರ ಕೆಳಗೆ ಇಳಿಯದಿರುವುದು ಒಳ್ಳೆಯದು. ಆಳವಾದ ಗೀರು ಬಿದ್ದ ಕಡೆಗೆ ಆ ಜಾಗಕ್ಕಷ್ಟೇ 800 ಅಥವಾ 1000. ಮಷಿನ್ ಬಳಸಿದರೆ ವೇಗ ಕಡಿಮೆ, ಅಂಚುಗಳಿಗೆ ಟೇಪ್, ಪ್ಯಾಡ್ ಒಂದೇ ಕಡೆ ನಿಲ್ಲದಂತೆ ನೋಡಿಕೊಳ್ಳಬೇಕು. ಒಣ ಹುಡಿ ಪುಪ್ಪುಸಕ್ಕೆ ಒಳ್ಳೆಯದಲ್ಲ, ಮಾಸ್ಕ್ ಇರಲೇಬೇಕು. ಎಲ್ಲಕ್ಕಿಂತ ಮುಖ್ಯ, ಎಲ್ಲಿ ನಿಲ್ಲಿಸಬೇಕು ಎಂಬುದು. ಹುಡಿ ಹೋಗಿ ಮೈ ಮುಚ್ಚಿಕೊಂಡಂತಾದರೆ ಸಾಕು. ಮುಖ ಕಾಣುವ ತನಕ ಉಜ್ಜಬೇಕಾಗಿಲ್ಲ. ಅರೆಹೊಳಪಿನ ಮೈಗೂ ಪೂರ್ಣ ಹೊಳಪಿನ ಮೈಗೂ ವ್ಯಾಕ್ಸ್ ಒಂದೇ ರೀತಿ ಕೂರುತ್ತದೆ, ಸಮುದ್ರಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಂದಿನ ಉಜ್ಜುವಿಕೆ ಯಾವಾಗ ಎಂಬುದನ್ನು ಕ್ಯಾಲೆಂಡರ್ ಹೇಳಬಾರದು, ಕಪ್ಪು ಬಟ್ಟೆ ಹೇಳಬೇಕು. ಯಾವ ವರ್ಷ, ಯಾವ ನಂಬರಿನಿಂದ ಉಜ್ಜಿದ್ದು ಎಂದು ಎಂಜಿನ್ ಆಯಿಲ್ ಬದಲಾಯಿಸಿದ ಪುಸ್ತಕದಲ್ಲೇ ಒಂದು ಸಾಲು ಬರೆದಿಟ್ಟರೆ ಮುಂದಿನ ಮಾಲೀಕರಿಗೂ ಉಪಕಾರ.

ಹಿಂದಿನ ಛಾಯೆ ಹಾಯತೊಡಗಿದ ದೋಣಿಗೆ, ತೂತುಗಳು ಎಲ್ಲೆಡೆ ಬಾಯಿ ತೆರೆದ ದೋಣಿಗೆ ಪಾಲಿಶ್ ಸಲ್ಲದು. ಅಲ್ಲಿಗೆ ಎರಡು ಡಬ್ಬಿಯ ಪಾಲಿಯುರೆಥೇನ್ ಪೇಂಟ್. ಅದರ ರಾಳದಲ್ಲಿ ಬೆಂಜೀನ್ ಉಂಗುರಗಳಿಲ್ಲದ ಜಾತಿಯನ್ನು ಆರಿಸಿಕೊಂಡರೆ ಬಿಸಿಲಿಗೆ ಜೆಲ್‌ಕೋಟಿಗಿಂತ ಹೆಚ್ಚು ಕಾಲ ತಡೆಯುತ್ತದೆ. ತಳ ಸಿದ್ಧಪಡಿಸುವಾಗ ಮಾತ್ರ 220 ಅಥವಾ 320ರ ಪೇಪರಿನಿಂದ ಹುಡಿ ಪೂರ್ತಿ ತೆಗೆಯಬೇಕು, ಮೇಣ ಮತ್ತು ಸಿಲಿಕೋನನ್ನು ದ್ರಾವಕದಿಂದ ಮೊದಲೇ ಒರೆಸಿರಬೇಕು, ತೂತುಗಳಿಗೆ ಪುಟ್ಟಿ, ಅದರ ಮೇಲೆ ಪ್ರೈಮರ್. ಈ ಪೇಂಟಿನ ದಪ್ಪ ಜೆಲ್‌ಕೋಟಿನ ಐದನೆಯ ಒಂದು ಪಾಲಿಗಿಂತಲೂ ಕಡಿಮೆಯಿರುತ್ತದೆ. ಹೊಳಪು ಇರುವುದು ಅದರ ಮೇಲ್ಪೊರೆಯಲ್ಲಿ ಮಾತ್ರ. ಅದಕ್ಕೆ ಒರಟು ಕಾಂಪೌಂಡ್ ಹಾಕಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಹಳೆಯ ಅಭ್ಯಾಸ ಬಿಡಲಾಗದೆ ಅದರ ಮೇಲೂ ವಸಂತಕ್ಕೊಮ್ಮೆ ಮಷಿನ್ ಓಡಿಸುವವರಿಗೆ, ಹತ್ತು ವರ್ಷ ಬಾಳಬೇಕಾದ ಪೇಂಟನ್ನು ಮೂರು ನಾಲ್ಕು ವರ್ಷಕ್ಕೆ ಮತ್ತೆ ಹೊಡೆಸುವ ಖರ್ಚು ಬರುತ್ತದೆ.